ಟ್ರಾಪ್ ಪಾಸಿಟಿವ್ ಅಂದ ಕೂಡಲೇ ಮಂಗಳೂರಾ?

ರಾತ್ರಿ ಒಂದು ಗಂಟೆಗೆ ಫೋನು ಬಂತು. ನರ್ಸ್ ಹೇಳಿದ್ದು ಒಂದೇ ಮಾತು: "ಸಾರೇ, ಟ್ರಾಪ್ ಪಾಸಿಟಿವ್ ಆಣ್." ಹಿಂದಿನಿಂದ ಹೆಂಗಸರು ಅಳುವುದು ಕೇಳಿಸುತ್ತಿತ್ತು. ನಮ್ಮ ಕಾಸರಗೋಡು ಕಡೆ ಆ ಎರಡು ಶಬ್ದ ರೋಗಿಯ ಮನೆಯವರಿಗೂ ಗೊತ್ತು. ಟ್ರಾಪ್ ಅಂದರೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಟ್ರಾಪ್ ಪಾಸಿಟಿವ್ ಅಂದರೆ ಹಾರ್ಟ್ ಅಟ್ಯಾಕ್. ಹಾರ್ಟ್ ಅಟ್ಯಾಕ್ ಅಂದರೆ ಮಂಗಳೂರು. ಅಷ್ಟೇ ಲೆಕ್ಕ.

ಆಗ ನನಗೂ ಅಷ್ಟೇ ಲೆಕ್ಕ ಇತ್ತು.

ನಾನು ಬದಿಯಡ್ಕ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಶಿಯನ್. ಹೃದಯದ ಸ್ಪೆಷಲಿಸ್ಟ್ ಅಲ್ಲ. ನಮ್ಮಲ್ಲಿ ಇಸಿಜಿ ಉಂಟು, ಹೃದಯದ ಸ್ಕ್ಯಾನ್ ಮಾಡುವ ಒಂದು ಹಳೆಯ ಎಕೋ ಮೆಷೀನ್ ಉಂಟು, ಲ್ಯಾಬ್ ಉಂಟು. ಹೃದಯದ ನಾಳ ನೋಡುವ ಆಂಜಿಯೋಗ್ರಾಂ ಬೇಕಾದರೆ ತಲಪಾಡಿಯಲ್ಲಿ ರಾಜ್ಯದ ಗಡಿ ದಾಟಿ ಐವತ್ತು ಚಿಲ್ಲರೆ ಕಿಲೋಮೀಟರ್ ಹೋಗಬೇಕು. ಮಳೆಗಾಲದ ರಾತ್ರಿ ಆ ದಾರಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಆ ರಾತ್ರಿಯ ರೋಗಿಗೆ 40 ದಾಟಿತ್ತು. ತೋಟದ ಕೆಲಸ. ಜುಲೈ ತಿಂಗಳು, ಎರಡು ವಾರದಿಂದ ತೋಟದ ಕಣಿಯ (ಕಾಲುವೆಯ) ಕೆಸರಿನಲ್ಲೇ ಕಾಲು. ಮೂರು ದಿನದ ಜ್ವರ, ಮೈಕೈ ನೋವು, ಈಗ ಎದೆಯಲ್ಲಿ ಭಾರ, ಏದುಸಿರು. ಬಿಪಿ ಇಳಿದಿತ್ತು. ಇಸಿಜಿಯಲ್ಲಿ ಎಸ್‌ಟಿ ಎಂಬ ಗೆರೆ ಸ್ವಲ್ಪ ಕೆಳಗೆ. ಟ್ರೋಪೋನಿನ್ ಕಾರ್ಡಿನಲ್ಲಿ ಎರಡು ಗೆರೆ, ಅಂದರೆ ಪಾಸಿಟಿವ್. ನಾನು ಆಸ್ಪಿರಿನ್ 300, ಕ್ಲೋಪಿಡೋಗ್ರೆಲ್ 300 ನುಂಗಿಸಿದೆ. ಹೆಪಾರಿನ್ ಇಂಜೆಕ್ಷನ್ ಕೊಡಿಸಿದೆ. ಗಾಡಿ ಬರುವುದು ತಡವಾಯಿತು, ಬೆಳಗಾಯಿತು. ಆಗ ರಕ್ತದ ಉಳಿದ ರಿಪೋರ್ಟು ಬಂತು. ಪ್ಲೇಟ್‌ಲೆಟ್ 38,000, ತೀರಾ ಕಡಿಮೆ. ಕ್ರಿಯಾಟಿನಿನ್ 3.1, ಅಂದರೆ ಕಿಡ್ನಿ ಸೋಲುತ್ತಿತ್ತು. ಕಾಮಾಲೆ ತೋರಿಸುವ ಬಿಲಿರುಬಿನ್ ಏರಿತ್ತು. ಆರೂವರೆಗೆ ಅವನು ರಕ್ತ ವಾಂತಿ ಮಾಡಿದ.

ಇಲಿಜ್ವರ. ಇಲ್ಲಿ ಮಳೆಗಾಲದಲ್ಲಿ ಎಲ್ಲರಿಗೂ ಗೊತ್ತಿರುವ ರೋಗ. ಕಣ್ಣು ಕೆಂಪಾದದ್ದು ರಾತ್ರಿಯ ಬೆಳಕಿಗೆ ಕಾಣಲಿಲ್ಲ ಅಂತ ನಾನು ಹೇಳಬಹುದು. ನಿಜ ಅಂದರೆ ನೋಡಿರಲೇ ಇಲ್ಲ. ಮೀನಖಂಡ ಒತ್ತಿ ನೋವುಂಟಾ ಅಂತ ಕೇಳಿರಲೂ ಇಲ್ಲ. ಎರಡು ಗೆರೆ ಕಂಡ ಮೇಲೆ ಬೇರೆ ಎಂತ ನೋಡುವುದು? ಇಲಿಜ್ವರ ಹೃದಯದ ಮಾಂಸಕ್ಕೂ ಉರಿಯೂತ ತರುತ್ತದೆ, ಅದಕ್ಕೇ ಟ್ರೋಪೋನಿನ್ ಏರಿತ್ತು. ಅವನಿಗೆ ಬೇಕಾಗಿದ್ದದ್ದು ಪೆನಿಸಿಲಿನ್ ಮತ್ತು ಕಿಡ್ನಿಯ ಆರೈಕೆ. ನಾನು ಕೊಟ್ಟದ್ದು ರಕ್ತ ತೆಳುವಾಗಿಸುವ ಮೂರು ಮದ್ದು, ಅದೂ ಪ್ಲೇಟ್‌ಲೆಟ್ ಇಲ್ಲದ ಮನುಷ್ಯನಿಗೆ. ಪ್ಲೇಟ್‌ಲೆಟ್ ಹಾಕಿ, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಬದುಕಿದ. ಈಗಲೂ ಪೇಟೆಯಲ್ಲಿ ಸಿಕ್ಕರೆ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಅದಾದ ಮೇಲೆ ನಾನು ಒಂದು ನೋಟ್ ಪುಸ್ತಕ ಇಟ್ಟೆ. ಟ್ರೋಪೋನಿನ್ ಏರಿದ ಪ್ರತಿಯೊಬ್ಬರ ಒಂದು ಸಾಲು: ಯಾಕೆ ಮಾಡಿಸಿದ್ದು, ಎಷ್ಟು ಬಂತು, ಮೂರು ಗಂಟೆ ಬಿಟ್ಟು ಎಷ್ಟು, ಕೊನೆಗೆ ಎಂತ ರೋಗ ಅಂತ ಆಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೊನೆಯ ಕಾಲಂನಲ್ಲಿ ನಾನು ಎಣಿಸಿರದ ಹೆಸರುಗಳೇ ಜಾಸ್ತಿ ಆದವು.

ಈ ಟ್ರೋಪೋನಿನ್ ಅಂದರೆ ಎಂತದು ಅಂತ ಸ್ವಲ್ಪ ಹೇಳಬೇಕು. ಮಾಂಸಖಂಡ ಬಿಗಿಯುವುದನ್ನೂ ಸಡಿಲುವುದನ್ನೂ ನಿಭಾಯಿಸುವ ಪ್ರೋಟೀನು ಅದು. ಮೂರು ತುಂಡು: ಸಿ, ಐ ಮತ್ತು ಟಿ. ಸಿ ತುಂಡು ಕೈಕಾಲಿನ ಮಾಂಸದಲ್ಲೂ ಹೃದಯದಲ್ಲೂ ಒಂದೇ, ಹಾಗಾಗಿ ಪರೀಕ್ಷೆಗೆ ಬರುವುದಿಲ್ಲ. ಐ ಮತ್ತು ಟಿ ಹೃದಯದಲ್ಲಿ ಬೇರೆ ತರ ಇರುತ್ತವೆ. ಅವು ರಕ್ತದಲ್ಲಿ ಸಿಕ್ಕಿದರೆ ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದಿದೆ ಅಂತ. ಯಾರು ಹೊಡೆದರು ಅಂತ ಅದು ಹೇಳುವುದಿಲ್ಲ. ರಕ್ತನಾಳ ಕಟ್ಟಿಕೊಂಡು ಆಗಿರಬಹುದು. ಜ್ವರದ ವಿಷದಿಂದ ಆಗಿರಬಹುದು. ಹೃದಯ ವಿಪರೀತ ಓಡಿ ಆಗಿರಬಹುದು.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ನನ್ನ ಒಬ್ಬ ರೋಗಿ. ಪೆರ್ಲದ ಹತ್ತಿರದ ಒಬ್ಬ ಭಟ್ಟರು, 70 ದಾಟಿದವರು, ಅಡಿಕೆ ಕೃಷಿಕರು. ನಾನು ಅವರಿಗೆ ರಿಪೋರ್ಟು ವಿವರಿಸುತ್ತಾ ಒದ್ದಾಡುತ್ತಿದ್ದೆ. ಅವರು ಕೇಳಿ ಕೇಳಿ ಹೇಳಿದರು: "ಅಷ್ಟೆಯೋ ಡಾಕ್ಟ್ರೇ? ತೋಟಲ್ಲಿ ನಳ್ಳಿ ಉದುರಿದ ಹಾಂಗೆ." ಮರದ ಬುಡದಲ್ಲಿ ಎಳೆ ಅಡಿಕೆ ಬಿದ್ದಿದ್ದರೆ ಬಿದ್ದದ್ದಂತೂ ಹೌದು. ಕೊಳೆರೋಗವೋ, ಬಿಸಿಲೋ, ತಿಗಣೆಯೋ, ಮಂಗನೋ ಅಂತ ತಲೆಯೆತ್ತಿ ನೋಡಬೇಕು. ನೋಡದೆ ಕೊಳೆರೋಗದ ಮದ್ದು ಬೋರ್ಡೋ ಹೊಡೆದರೆ ಮಂಗ ಹೋಗುತ್ತದಾ? ಅವತ್ತಿನಿಂದ ನಾನು ಇಲ್ಲಿಯ ಎಲ್ಲರಿಗೂ ಹೀಗೇ ಹೇಳುವುದು. ಒಂದೇ ಸಲಕ್ಕೆ ಅರ್ಥ ಆಗುತ್ತದೆ.

2018ರಲ್ಲಿ ಹೃದಯಾಘಾತದ ವ್ಯಾಖ್ಯೆಯ ನಾಲ್ಕನೆಯ ಆವೃತ್ತಿ ಬಂತು. ಭಟ್ಟರು ಹೇಳಿದ್ದನ್ನೇ ಅದೂ ಹೇಳುತ್ತದೆ, ಸ್ವಲ್ಪ ಉದ್ದಕ್ಕೆ. ಟ್ರೋಪೋನಿನ್ ಗಡಿ ದಾಟಿದರೆ ಅದು 'ಹೃದಯದ ಮಾಂಸಕ್ಕೆ ಗಾಯ'. ಎರಡು ಸ್ಯಾಂಪಲ್‌ಗಳ ನಡುವೆ ಸಂಖ್ಯೆ ಏರಿದರೆ ಅಥವಾ ಇಳಿದರೆ ಹೊಸ ಗಾಯ. ಅಲ್ಲೇ ನಿಂತಿದ್ದರೆ ಹಳೆಯದು. ಹೊಸ ಗಾಯದ ಜೊತೆಗೆ ಹೃದಯಕ್ಕೆ ರಕ್ತ ಸಾಲದೆ ಹೋದದ್ದಕ್ಕೆ ಸಾಕ್ಷಿಯೂ ಇದ್ದರೆ ಮಾತ್ರ ಹಾರ್ಟ್ ಅಟ್ಯಾಕ್. ಎದೆನೋವಿನ ಲಕ್ಷಣ, ಇಸಿಜಿಯಲ್ಲಿ ಹೊಸ ಬದಲಾವಣೆ, ಎಕೋದಲ್ಲಿ ಗೋಡೆಯ ಒಂದು ಭಾಗ ಅಲುಗದಿರುವುದು, ಇಂಥ ಸಾಕ್ಷಿ.

ಗಡಿ ಅಂದೆ. ಅದು ಆರೋಗ್ಯವಂತರ ದೊಡ್ಡ ಗುಂಪಿನಲ್ಲಿ 100ರಲ್ಲಿ 99 ಜನ ಯಾವ ಸಂಖ್ಯೆಯ ಒಳಗಿರುತ್ತಾರೋ ಆ ಸಂಖ್ಯೆ. ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿಗೆ ಲೀಟರಿಗೆ 14 ನ್ಯಾನೋಗ್ರಾಂ. ಟ್ರೋಪೋನಿನ್ ಐ ಆದರೆ ಕಂಪನಿಗೊಂದು ಗಡಿ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಒಂದು ಲ್ಯಾಬಿನ ಐಯನ್ನು ಇನ್ನೊಂದು ಲ್ಯಾಬಿನ ಟಿ ಜೊತೆ ಹೋಲಿಸಬಾರದು.

ಯೂನಿಟ್ ವಿಷಯದಲ್ಲಿ ಒಂದು ತಮಾಷೆ ಆಗಿತ್ತು. ಒಬ್ಬರು ಹೊರಗಿನ ಲ್ಯಾಬಿನ ರಿಪೋರ್ಟ್ ಹಿಡಿದು ಬಂದಿದ್ದರು, 0.052. ನಮ್ಮಲ್ಲಿ ಅದೇ ತರದ ಪರೀಕ್ಷೆ ಮಾಡಿದೆವು, 54 ಬಂತು. ಮಗ ಹೌಹಾರಿದ. "ಮೂರು ಗಂಟೆಯಲ್ಲಿ ಸಾವಿರ ಪಟ್ಟು ಏರಿತಾ ಸಾರ್?" ಒಂದು ಕಡೆ ಮಿಲಿಲೀಟರಿಗೆ ಬರೆದದ್ದು, ಇನ್ನೊಂದು ಕಡೆ ಲೀಟರಿಗೆ. 0.052 ಅಂದರೆ 52. ಹೆಚ್ಚು ಕಡಿಮೆ ಅಲ್ಲೇ ಇತ್ತು. ಆ ಹುಡುಗ ಕಾರ್ ಸ್ಟಾರ್ಟ್ ಮಾಡಿ ನಿಂತಿದ್ದ, ಪಾಪ.

ಎರಡು ಸ್ಯಾಂಪಲ್ ತೆಗೆಯುವ ಶಿಸ್ತು ನನಗೆ ನಿಜವಾಗಿ ಬಂದದ್ದು 2020ರಲ್ಲಿ. ಮಾರ್ಚ್ ಕೊನೆಗೆ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿಗೆ ಹೋಗುವ ದಾರಿಯೇ ಇಲ್ಲ. ಅಲ್ಲಿಯವರೆಗೆ 'ಮಂಗಳೂರಿಗೆ ಬರೆದು ಕೊಡುವುದು' ನನಗೊಂದು ಸುಲಭದ ದಾರಿಯಾಗಿತ್ತು. ಬರೆದು ಕೊಟ್ಟರೆ ನನ್ನ ತಲೆಬಿಸಿ ಮುಗಿಯಿತು. ಆ ವಾರಗಳಲ್ಲಿ ಪ್ರತಿಯೊಬ್ಬರ ಎದುರೂ ಕೂತು ಯೋಚಿಸಬೇಕಾಯಿತು. ಯಾರಿಗೆ ನಿಜವಾಗಿ ಆಂಜಿಯೋ ಬೇಕು? ಯಾರಿಗೆ ಇಲ್ಲೇ ಆಗುತ್ತದೆ? ಕೂತು ಯೋಚಿಸಿದರೆ ತುಂಬ ಸಲ ಉತ್ತರ ಸಿಗುತ್ತಿತ್ತು. ಮೊದಲೇ ಕೂರಬಹುದಿತ್ತು ಅಂತ ಆಮೇಲೆ ಅನ್ನಿಸಿತು.

ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಎದೆನೋವು ಇದ್ದು ಇಸಿಜಿಯಲ್ಲಿ ಎಸ್‌ಟಿ ಎದ್ದು ನಿಂತಿದ್ದರೆ ನಾನು ಟ್ರೋಪೋನಿನ್‌ಗೆ ಕಾಯುವುದೇ ಇಲ್ಲ. ಅಲ್ಲಿ ಒಂದೊಂದು ನಿಮಿಷಕ್ಕೂ ಮಾಂಸ ಸಾಯುತ್ತಿರುತ್ತದೆ. ನೋವು ಶುರುವಾಗಿ ಒಂದು ಗಂಟೆಯೊಳಗೆ ಬಂದವರಲ್ಲಿ ಟ್ರೋಪೋನಿನ್ ನಾರ್ಮಲ್ ಇದ್ದರೂ ಮನೆಗೆ ಕಳಿಸುವುದಿಲ್ಲ. ಅದು ರಕ್ತಕ್ಕೆ ಬರಲು ಹೊತ್ತು ಬೇಕು, ಹಳೆಯ ಕಾರ್ಡಿನಲ್ಲಾದರೆ ಮೂರು ನಾಲ್ಕು ಗಂಟೆಯೇ ಬೇಕು.

ಇನ್ನು ಪುಸ್ತಕದ ಸಾಲುಗಳು.

ಒಬ್ಬಳು ಹುಡುಗಿ, 24 ವರ್ಷ, ಶಾಲೆಯಲ್ಲಿ ಟೀಚರ್. ಎದೆ ಡವಡವ ಅಂತ ಬಂದಳು. ನಾಡಿ ನಿಮಿಷಕ್ಕೆ 190. ಇಸಿಜಿ ನೋಡಿದರೆ ಹೃದಯದ ವಿದ್ಯುತ್ ದಾರಿಯಲ್ಲಿ ಸುತ್ತು ಬಿದ್ದು ಬರುವ ಓಟ, ಎಸ್‌ವಿಟಿ. ಅಡೆನೋಸಿನ್ 6 ಮಿಲಿಗ್ರಾಂ ಕೊಟ್ಟೆವು, ಹತ್ತು ಸೆಕೆಂಡಿನಲ್ಲಿ ನಿಂತಿತು, ನಾಡಿ 88. ಅಲ್ಲಿಗೆ ಮುಗಿಯಬೇಕಿತ್ತು. ಡ್ಯೂಟಿಯಲ್ಲಿದ್ದವರು ಸುಮ್ನೆ ಇರಲಿ ಅಂತ ಟ್ರೋಪೋನಿನ್‌ಗೆ ಬರೆದಿದ್ದರು. ಏರಿತ್ತು. ಏರದೆ ಎಂತ ಮಾಡುತ್ತದೆ? ಅಷ್ಟು ಓಡಿದ ಹೃದಯ. ಮದುವೆ ಮಾತುಕತೆ ನಡೆಯುತ್ತಿದ್ದ ಹುಡುಗಿ. 'ಹಾರ್ಟ್ ಅಟ್ಯಾಕ್ ಆಗಿತ್ತಂತೆ' ಅನ್ನುವ ಮಾತು ಊರೆಲ್ಲ ಸುತ್ತಿ ಬಂತು. ಆ ಪರೀಕ್ಷೆಯನ್ನು ಮಾಡಲೇಬಾರದಿತ್ತು. ಉತ್ತರ ಬಂದರೆ ಏನು ಮಾಡುತ್ತೇನೆ ಅಂತ ಗೊತ್ತಿಲ್ಲದೆ ಪ್ರಶ್ನೆ ಕೇಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ.

ಇನ್ನೊಬ್ಬರು ಬೀಡಿ ಕಟ್ಟುವ ಹೆಂಗಸು, 50ರ ಆಸುಪಾಸು. ನಡೆದರೆ ಎದೆ ಹಿಡಿಯುವುದು. ಟ್ರೋಪೋನಿನ್ ಏರಿತ್ತು, ಎರಡನೆಯ ಸ್ಯಾಂಪಲಿಗೆ ಇನ್ನೂ ಏರಿತು. ಇಸಿಜಿಯೂ ಚೆನ್ನಾಗಿರಲಿಲ್ಲ. ರೆಪ್ಪೆ ಕೆಳಗೆ ಎಳೆದು ನೋಡಿದೆ, ಹತ್ತಿಯ ಹಾಗೆ ಬಿಳಿ. ಹಿಮೋಗ್ಲೋಬಿನ್ 5.2. ವರ್ಷದಿಂದ ಮುಟ್ಟಿನ ರಕ್ತಸ್ರಾವ ಜಾಸ್ತಿ, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಇದನ್ನು ಎರಡನೆಯ ಬಗೆಯ ಹಾರ್ಟ್ ಅಟ್ಯಾಕ್ ಅನ್ನುತ್ತಾರೆ. ನಾಳ ಹೊಸದಾಗಿ ಕಟ್ಟಿರುವುದಿಲ್ಲ, ಹೃದಯ ಕೇಳುವಷ್ಟು ಆಮ್ಲಜನಕ ಒದಗುವುದಿಲ್ಲ. ಮದ್ದು ಎಂದರೆ ರಕ್ತ ಹಾಕುವುದು, ನಿಧಾನವಾಗಿ. ಇವರಿಗೆ ಆಸ್ಪಿರಿನ್, ಹೆಪಾರಿನ್ ಕೊಟ್ಟಿದ್ದರೆ ಇನ್ನಷ್ಟು ರಕ್ತ ಹೋಗುತ್ತಿತ್ತು.

ಅದೇ ಹೆಪಾರಿನ್ ಬೇಕಾದದ್ದು ಮತ್ತೊಬ್ಬರಿಗೆ, ಬೇರೆ ಕಾರಣಕ್ಕೆ. ಗಲ್ಫಿನಲ್ಲಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡೇ ವಿಮಾನ ಹತ್ತಿ ಊರಿಗೆ ಬಂದ ಉಪ್ಪಳದ ಯುವಕ. ಬಂದ ಮೂರನೆಯ ದಿನ ಏದುಸಿರು, ಎದೆನೋವು. ಟ್ರೋಪೋನಿನ್ ಏರಿತ್ತು. ಆಕ್ಸಿಜನ್ 88. ಎದೆಗೆ ಸ್ಟೆತ್ ಇಟ್ಟರೆ ಶ್ವಾಸಕೋಶ ಸ್ವಚ್ಛ. ಎಕೋದಲ್ಲಿ ಹೃದಯದ ಎಡಭಾಗ ಚೆನ್ನಾಗಿತ್ತು, ಬಲಭಾಗ ಉಬ್ಬಿತ್ತು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಬಲ ಹೃದಯ ಅದರ ಎದುರು ತಳ್ಳಿ ತಳ್ಳಿ ಸುಸ್ತಾಗಿ ಟ್ರೋಪೋನಿನ್ ಬಿಟ್ಟಿತ್ತು. ಈ ರೋಗದಲ್ಲಿ ಟ್ರೋಪೋನಿನ್ ಏರಿದರೆ ಅಪಾಯ ಜಾಸ್ತಿ ಅಂತ ಲೆಕ್ಕ. ಅವನನ್ನು ಹೆಪಾರಿನ್ ಕೊಟ್ಟು ಕಳಿಸಿದೆ. ಚೀಟಿಯಲ್ಲಿ 'ಹಾರ್ಟ್ ಅಟ್ಯಾಕ್' ಅಂತ ಬರೆಯಲಿಲ್ಲ. ಬರೆದಿದ್ದರೆ ಆಂಜಿಯೋ ಟೇಬಲ್ ಮೇಲೆ ಮಲಗಿಸುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಎದೆಯ ಸಿಟಿ ಸ್ಕ್ಯಾನ್.

ಅಡಿಕೆ ಮರದಿಂದ ಬಿದ್ದವರ ಕಥೆ ಬೇರೆ. ಅಲ್ಲಿ ಮೋಸ ಮಾಡುವುದು ಸಿಕೆ-ಎಂಬಿ ಎಂಬ ಹಳೆಯ ಪರೀಕ್ಷೆ. ಅದು ಕೈಕಾಲಿನ ಮಾಂಸ ಜಜ್ಜಿದರೂ ಏರುತ್ತದೆ. ಬಿದ್ದವನ ಎದೆಗೆ ಪೆಟ್ಟಾಗಿದ್ದರೆ ನಾನು ಇಸಿಜಿ ಮತ್ತು ಟ್ರೋಪೋನಿನ್ ಮಾತ್ರ ನೋಡುತ್ತೇನೆ. ಎರಡೂ ಸರಿಯಿದ್ದರೆ ಹೃದಯಕ್ಕೆ ದೊಡ್ಡ ಪೆಟ್ಟಿಲ್ಲ. ಸಿಕೆ-ಎಂಬಿ ಬರೆಯುವುದನ್ನು ಬಿಟ್ಟು ವರ್ಷಗಳಾದವು.

ನಾನು ಜಾಣತನ ತೋರಿಸದ ಒಂದು ಕೇಸನ್ನೂ ಹೇಳಬೇಕು. ಮುಳ್ಳೇರಿಯ ಕಡೆಯ ಒಬ್ಬರು ಅಜ್ಜಿ. ಗಂಡ ತೀರಿಕೊಂಡ ಮರುದಿನ, ಜನ ತುಂಬಿದ ಮನೆಯಲ್ಲಿ, ಎದೆ ಹಿಡಿದು ಕುಸಿದರು. ಟ್ರೋಪೋನಿನ್ ಏರಿತ್ತು, ಆದರೆ ಎಕೋದಲ್ಲಿ ಕಂಡ ಹಾನಿಗೆ ಹೋಲಿಸಿದರೆ ಕಡಿಮೆಯೇ. ಹೃದಯದ ತುದಿ ಬಲೂನಿನ ಹಾಗೆ ಉಬ್ಬಿತ್ತು, ಬುಡ ಮಾತ್ರ ಬಿಗಿಯುತ್ತಿತ್ತು. ಜಪಾನಿನ ವೈದ್ಯರು 1990ರ ಸುಮಾರಿಗೆ ಇದಕ್ಕೆ ಟಕೋಟ್ಸುಬೋ ಅಂತ ಹೆಸರಿಟ್ಟರು. ಅಲ್ಲಿಯ ಮೀನುಗಾರರು ಆಕ್ಟೋಪಸ್ ಹಿಡಿಯಲು ನೀರಿಗೆ ಬಿಡುವ, ಕೊರಳು ಸಪೂರದ ಮಡಕೆಯ ಹೆಸರು ಅದು. ದುಃಖ, ಭಯ, ಆಘಾತ ಆದ ಮೇಲೆ ಬರುವುದು, ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ. ನನಗೆ ಅದೇ ಅಂತ ಬಲವಾಗಿ ಅನ್ನಿಸಿತು. ಆದರೂ ಮಂಗಳೂರಿಗೆ ಕಳಿಸಿದೆ. ನಾಳ ಕಟ್ಟಿಲ್ಲ ಅಂತ ಕಣ್ಣಾರೆ ನೋಡದೆ ಇದನ್ನು ಹೇಳುವ ಹಾಗಿಲ್ಲ. ನಾಳಗಳು ಸ್ವಚ್ಛ ಇದ್ದವು. ಒಂದೂವರೆ ತಿಂಗಳಲ್ಲಿ ಎಕೋ ಸರಿಯಾಯಿತು. ಅಜ್ಜಿಯ ಮಾತು ಮಾತ್ರ ಕಡಿಮೆಯೇ ಆಯಿತು. ಅದು ಎಕೋದಲ್ಲಿ ಕಾಣುವುದಿಲ್ಲ.

ಎನ್‌ಟಿ-ಪ್ರೋಬಿಎನ್‌ಪಿ ಅಂತ ಇನ್ನೊಂದು ಪರೀಕ್ಷೆ ಉಂಟು. ಹೃದಯದ ಗೋಡೆ ಎಳೆದುಕೊಂಡಾಗ ಬರುವುದು. ಏದುಸಿರು ಹೃದಯದ್ದಾ ಶ್ವಾಸಕೋಶದ್ದಾ ಅಂತ ತಿಳಿಯಲು ನಾನು ಮಾಡಿಸುತ್ತೇನೆ. ತುರ್ತಾಗಿ ಬಂದವರಲ್ಲಿ 300ಕ್ಕಿಂತ ಕಡಿಮೆ ಇದ್ದರೆ ಹೃದಯ ಸೋತದ್ದಲ್ಲ ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಮೇಲಿನ ಗಡಿ ವಯಸ್ಸಿನ ಜೊತೆ ಏರುತ್ತದೆ: 50ರ ಒಳಗೆ 450, 75ರವರೆಗೆ 900, ಆಮೇಲೆ 1,800. ಕಿಡ್ನಿ ಕೆಟ್ಟವರಲ್ಲಿ, ನಾಡಿ ತಾಳ ತಪ್ಪಿದವರಲ್ಲಿ ಸುಮ್ನೆ ಏರಿರುತ್ತದೆ. ದಪ್ಪ ಇರುವವರಲ್ಲಿ ತಿರುಗಿ ಕಡಿಮೆ ತೋರಿಸುತ್ತದೆ. ಲ್ಯಾಬಿನ ಕಾಗದದಲ್ಲಿ ಒಂದೇ ಗಡಿ ಅಚ್ಚು ಹಾಕಿರುತ್ತಾರೆ, 80ರ ಅಜ್ಜ ಅದನ್ನು ನೋಡಿ ಊಟ ಬಿಡುತ್ತಾರೆ.

ಈಗ ಭಟ್ಟರ ವಿಷಯಕ್ಕೆ ಬರುತ್ತೇನೆ. ಅವರ ಕಿಡ್ನಿ ವರ್ಷಗಳಿಂದ ಸೋತಿದೆ. ಕ್ರಿಯಾಟಿನಿನ್ 4ರ ಮೇಲೆ, ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಮೊದಲ ಸಲ ಅವರಿಗೆ ಟ್ರೋಪೋನಿನ್ ಟಿ ಮಾಡಿದ್ದು ಕೆಮ್ಮು ದಮ್ಮು ಅಂತ ಬಂದಾಗ. 66 ಬಂತು. ಗಡಿ 14. ಜೊತೆಗೆ ಬಂದ ಅಳಿಯ ಆಗಲೇ ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದ. ಭಟ್ಟರು ಮಾತ್ರ, "ಎನಗೆ ಎದೆಬೇನೆ ಎಂತದೂ ಇಲ್ಲೆ" ಅಂತ ಕೂತಿದ್ದರು. ಇಸಿಜಿ ಹಳೆಯದರ ಹಾಗೇ ಇತ್ತು. ಮೂರು ಗಂಟೆ ಬಿಟ್ಟು ಮಾಡಿದೆ, 68. ಮರುದಿನ 65. ಮೊದಲೇ ಏರಿರುವವರಲ್ಲಿ ಎರಡನೆಯ ಸಂಖ್ಯೆ ಶೇಕಡಾ 20ಕ್ಕಿಂತ ಜಾಸ್ತಿ ಬದಲಾಗದಿದ್ದರೆ ಅದನ್ನು ಹಳೆಯ ಗಾಯ ಅಂತಲೇ ಓದುತ್ತೇವೆ. ಹೃದಯಾಘಾತ ಆಗಿ ದಿನ ಕಳೆದು ಬಂದವರಲ್ಲಿ ಮಾತ್ರ ಹುಷಾರು. ಅವರಲ್ಲಿ ಸಂಖ್ಯೆ ಮೇಲೇರಿ ಚಪ್ಪಟೆಯಾಗಿ ಕೂತಿರಬಹುದು.

ಕಿಡ್ನಿ ಕೆಟ್ಟವರಲ್ಲಿ ಟ್ರೋಪೋನಿನ್ ಹೀಗೆ ವರ್ಷಗಟ್ಟಲೆ ಮೇಲೆಯೇ ಇರುತ್ತದೆ. ಅದನ್ನು ಏನೂ ಇಲ್ಲ ಅಂತ ಬಿಡುವ ಹಾಗೂ ಇಲ್ಲ. ಹಾಗೆ ಇರುವವರಿಗೆ ಮುಂದೆ ಹೃದಯದ ತೊಂದರೆ ಜಾಸ್ತಿ. ಬಿಪಿ, ಕೊಲೆಸ್ಟರಾಲ್ ಮದ್ದು ಗಟ್ಟಿ ಮಾಡಿದೆ. ಆಂಜಿಯೋ ಬೇಡ ಅಂದೆ. ಅದರಲ್ಲಿ ನಾಳ ಕಾಣಲು ಹಾಕುವ ಡೈ ಆ ಕಿಡ್ನಿಯನ್ನು ಡಯಾಲಿಸಿಸ್ ಕಡೆ ತಳ್ಳಬಹುದಿತ್ತು. ಒಂದು ಸಣ್ಣ ಚೀಟಿಯಲ್ಲಿ ತಾರೀಕು, ಲ್ಯಾಬ್, ಪರೀಕ್ಷೆಯ ಹೆಸರು, 65-68 ಅಂತ ಬರೆದು, ಹಳೆಯ ಇಸಿಜಿಯ ಝೆರಾಕ್ಸ್ ಮಡಚಿ ಕೊಟ್ಟೆ. "ಇದು ನಿಮ್ಮ ನಾರ್ಮಲ್. ಎಲ್ಲಿಗೆ ಹೋದರೂ ತೋರಿಸಿ." ಅವರು ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಎರಡು ಸಲ ಬೇರೆ ಬೇರೆ ಕಡೆ ಜ್ವರಕ್ಕೆ ಅಡ್ಮಿಟ್ ಆದರು. ಎರಡು ಸಲವೂ ಚೀಟಿ ತೋರಿಸಿ ಮನೆಗೆ ಬಂದರು.

ಮೂರನೆಯ ಸಲ ನಮ್ಮಲ್ಲಿಗೇ ಬಂದರು. ಕಳೆದ ವರ್ಷ, ಅಡಿಕೆ ಕೊಯ್ಲಿನ ಸಮಯ. ಬೆವರು, ಎಡ ತೋಳು ಸೆಳೆತ. ಈ ಸಲ 'ಎದೆಬೇನೆ ಇಲ್ಲೆ' ಅನ್ನಲಿಲ್ಲ. ಇಸಿಜಿಯಲ್ಲಿ ದೊಡ್ಡದೇನೂ ಇರಲಿಲ್ಲ, ಎರಡು ಕಡೆ ಟಿ ಅಲೆ ಸ್ವಲ್ಪ ತಿರುಗಿತ್ತು. ಟ್ರೋಪೋನಿನ್ 112. ಡ್ಯೂಟಿ ಡಾಕ್ಟರ್ ಹುಡುಗಿ ಹೊಸಬಳು. ಚೀಟಿ ನೋಡಿ ನನಗೆ ಫೋನ್ ಮಾಡಿದಳು. "ಸರ್, ಇವರಿಗೆ ಯಾವಾಗಲೂ ಏರಿರ್ತದಂತೆ. ಆದ್ರೆ ಇಷ್ಟಿರಲ್ಲ ಅಂತ ನೀವೇ ಬರೆದಿದ್ದೀರಿ." ಪ್ಲೇಟ್‌ಲೆಟ್ ನೋಡಿದ್ದಾಳಾ ಅಂತ ಕೇಳಿದೆ. ನೋಡಿದ್ದಳು. ಆಸ್ಪಿರಿನ್ ಕೊಡಿಸಿ ಗಾಡಿಗೆ ಹೇಳಿದೆ. ಹೊರಡುವ ಮೊದಲು ತೆಗೆದ ಎರಡನೆಯ ಸ್ಯಾಂಪಲಿನ ಉತ್ತರ ಅವರು ದಾರಿಯಲ್ಲಿರುವಾಗ ಬಂತು, 290. ಮಂಗಳೂರಿನಲ್ಲಿ ಕಿಡ್ನಿಯ ಅಪಾಯ ಗೊತ್ತಿದ್ದೇ ಆಂಜಿಯೋ ಮಾಡಿದರು, ಡೈ ಆದಷ್ಟು ಕಡಿಮೆ ಹಾಕಿ. ಒಂದು ನಾಳ ಮುಕ್ಕಾಲು ಕಟ್ಟಿತ್ತು. ಸ್ಟೆಂಟ್ ಹಾಕಿದರು.

ಎರಡು ವಾರ ಬಿಟ್ಟು ತೋರಿಸಲು ಬಂದರು. ಕೂತವರೇ ಎಲೆ ಅಡಿಕೆ ಚೀಲದಿಂದ ಆ ತೊಟ್ಟೆ ತೆಗೆದು ಮೇಜಿನ ಮೇಲೆ ಇಟ್ಟರು.

"ಇದರ ನಂಬ್ರ ಬದಲ್ಸೆಕ್ಕೋ ಡಾಕ್ಟ್ರೇ?"

ಈಗ ಬೇಡ, ಏರಿದ್ದು ಪೂರ್ತಿ ಇಳಿಯಲಿ, ಎರಡು ತಿಂಗಳು ಬಿಟ್ಟು ಬನ್ನಿ, ಹೊಸದಾಗಿ ಮಾಡಿ ಬರೆಯೋಣ ಅಂದೆ. ಹಳೆಯ ಚೀಟಿ ಬಿಸಾಡಬೇಡಿ ಅಂತಲೂ ಹೇಳಿದೆ. ಅವರು ಅದನ್ನು ಮಡಚಿ ವಾಪಸ್ ಚೀಲಕ್ಕೆ ಹಾಕಿದರು, ಸುಣ್ಣದ ಡಬ್ಬಿಯ ಪಕ್ಕಕ್ಕೆ.